ಮೂಕಮ್ಮಾಳ್ ಕೇಳಿದ ಎಂಟು ದಿನ

ನಮ್ಮ ಎಲೆತೋಟಕ್ಕೆ ಹನ್ನೆರಡು ಉಗುರುಗಳಿದ್ದವು. ಎಲ್ಲವೂ ಕಬ್ಬಿಣದವು. ಹೆಬ್ಬೆರಳಿಗೆ ತೊಡುವ ಒಂದು ಬಳೆ, ಆ ಬಳೆಯಿಂದ ಬೆರಳ ತುದಿ ದಾಟಿ ಬತ್ತದ ಕಾಳಿನಷ್ಟು ಮುಂದೆ ಬಂದ ಬಾಗಿದ ಅಲಗು, ಇಷ್ಟೇ ಆಯುಧ. ಹೆಂಗಸರು ಎಡಗೈಯಲ್ಲಿ ಬಳ್ಳಿ ಹಿಡಿದು, ವೀಳ್ಯದೆಲೆಯ ತೊಟ್ಟನ್ನು ತೋರುಬೆರಳಿಗೂ ಈ ಅಲಗಿಗೂ ನಡುವೆ ಸಿಕ್ಕಿಸಿ ಒಮ್ಮೆ ಒತ್ತಿದರೆ ಎಲೆ ಅಂಗೈಗೆ ಬರಬೇಕು. ತೊಟ್ಟು ನೀಟಾಗಿ ಕತ್ತರಿಸಿದರೆ ಎಲೆ ಎಂಟು ದಿನ ಬಾಳುತ್ತದೆ. ಜಜ್ಜಿದರೆ ಮೂರನೆಯ ದಿನ ತೊಟ್ಟಿನಿಂದ ಕಪ್ಪು ಏರುತ್ತದೆ, ನಾಲ್ಕನೆಯ ದಿನ ಕಟ್ಟಿನ ನೂರು ಎಲೆಗೂ ಹಬ್ಬುತ್ತದೆ. ನಮ್ಮ ಎಲೆ ಚಿನ್ನಮನೂರಿನಿಂದ ಗಾಡಿ ಹತ್ತಿ, ರೈಲು ಹತ್ತಿ, ತೂತುಕುಡಿಯಲ್ಲಿ ಹಡಗು ಹತ್ತಿ ಸಿಂಹಳದ ಕೊಲಂಬು ಸೇರಲು ಆರು ದಿನ ಬೇಕು. ಹಾಗಾಗಿ ನಮ್ಮ ಮನೆ ನಿಂತದ್ದು ಕಲ್ಲುಗೋಡೆಯ ಮೇಲೆ ಎಂದು ಹೇಳುವುದು ಸುಳ್ಳಾಗುತ್ತದೆ; ನಿಂತದ್ದು ಈ ಅಲಗುಗಳ ಮೇಲೆ.

ಈ ಉಗುರುಗಳನ್ನು ಕಾಯುತ್ತಿದ್ದವಳು ನನ್ನ ದೊಡ್ಡವ್ವ, ಮೂಕಮ್ಮಾಳ್. ಅಪ್ಪನ ತೀರಿಹೋದ ಅಣ್ಣನ ಹೆಂಡತಿ. ಅವಳಿಗಿಂತ ಮುಂಚೆ ಹುಟ್ಟಿದ ಮೂರು ಕೂಸುಗಳು ಉಳಿಯದೆ ಹೋದದ್ದರಿಂದ, ನಾಲ್ಕನೆಯದಾದ ಇವಳಿಗೆ ಹುಟ್ಟಿದ ಕೂಡಲೇ ಮೂಗು ಚುಚ್ಚಿಸಿ ಈ ಹೆಸರಿಟ್ಟರಂತೆ. ತಮಿಳಿನಲ್ಲಿ ಮೂಕ್ಕು ಎಂದರೆ ಮೂಗು; ಅದು ಮೂಗಿನ ಮೂಕಮ್ಮಾಳೇ ಹೊರತು ಬಾಯಿಯ ಮೂಕಮ್ಮಾಳಲ್ಲ. ಬಾಯಿ ಚೆನ್ನಾಗಿಯೇ ಇತ್ತು. ಆದರೆ ಅಪ್ಪನ ಎದುರಿಗೆ ಮಾತ್ರ ಅದಕ್ಕೆ ಬೀಗ. ನಮ್ಮ ಮನೆಗಳಲ್ಲಿ ಗಂಡ ಸತ್ತ ಹೆಂಗಸು ಗಂಡನ ತಮ್ಮನೊಡನೆ ನೇರವಾಗಿ ಮಾತಾಡುವುದಿಲ್ಲ. ಅವಳು ಆಡಿದ್ದು ಕಿವಿಗೆ ಬಿದ್ದರೂ ಅವನು ಕೇಳಿಸಿಕೊಳ್ಳುವುದಿಲ್ಲ. ನಡುವೆ ಇನ್ನೊಬ್ಬರು ಬೇಕು.

ಏಳನೆಯ ವಯಸ್ಸಿನಿಂದ ಆ ಇನ್ನೊಬ್ಬ ನಾನೇ. ಮೂವರೂ ಒಂದೇ ಜಗುಲಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಿದ್ದರೂ ದೊಡ್ಡವ್ವ ನನ್ನ ಕಡೆ ತಿರುಗಿ, "ಅಳಗರು, ಅಗಸೆ ಮರದ ಕೊಂಬೆ ಸವರಬೇಕಂತ ನಿಮ್ಮಪ್ಪಂಗೆ ಹೇಳು" ಎನ್ನುವಳು. ನಾನು ಅದನ್ನೇ ಅವಳ ದನಿಯಲ್ಲಿ, ಅವಳು ಮಾತಿನ ಕೊನೆಗೆ ಸೆರಗಿನಿಂದ ಮೂಗಿನ ತುದಿ ಒರೆಸಿಕೊಳ್ಳುವುದನ್ನೂ ಸೇರಿಸಿ ಅಪ್ಪನಿಗೆ ಒಪ್ಪಿಸುವೆನು. ಅಪ್ಪ ನಗುತ್ತಿದ್ದರು. ದೊಡ್ಡವ್ವನೂ ನಗುತ್ತಿದ್ದಳು. ನನಗೆ ಅನುಕರಣೆ ಕಲಿಸಿದ ಶಾಲೆ ಅದು. ಮುಂದೆ ಮದುರೆಯ ಕಾಲೇಜಿನಲ್ಲಿ ಪಾದ್ರಿಯ ತಮಿಳನ್ನೂ ಗಣಿತದ ಅಯ್ಯಂಗಾರರ ಕೆಮ್ಮನ್ನೂ ಅನುಕರಿಸಿ ಹೆಸರು ಮಾಡಿದೆ. ಎಫ್.ಎ. ಪರೀಕ್ಷೆಯಲ್ಲಿ ಮಾತ್ರ ಆ ಎಫ್.ಎ. ಎಂದರೆ ಫೇಲಾದ ಅಳಗರ್ ಎಂದಾಯಿತು. ಊರಿಗೆ ಬಂದೆ.

ದೊಡ್ಡವ್ವ ದಿನವೂ ಕೊಯ್ಲು ಮುಗಿದ ಮೇಲೆ ಕಾಲುವೆಯ ದಂಡೆಯಲ್ಲಿ ಎರಡು ಸಾಣೆಕಲ್ಲು ಇಟ್ಟುಕೊಂಡು ಕೂರುತ್ತಿದ್ದಳು. ಒಂದು ಹೊಳೆಯಿಂದ ತಂದ ಒರಟು ಕಲ್ಲು, ಇನ್ನೊಂದು ಹಸುವಿನ ನಾಲಿಗೆಯ ಬಣ್ಣದ ನುಣುಪು ಕಲ್ಲು. ಬರೀ ನೀರು ಹಾಕಿ ಮಸೆಯುವುದು; ಎಣ್ಣೆ ಮುಟ್ಟಿಸಿದರೆ ಎಲೆಗೆ ಕಲೆ. ಮಸೆದಾದ ಮೇಲೆ ಒಂದು ತೊಟ್ಟು ಕತ್ತರಿಸಿ, ಕತ್ತರಿಸಿದ ತುದಿಯನ್ನು ತನ್ನ ಮಣಿಕಟ್ಟಿನ ಒಳಮೈಗೆ ಮುದ್ರೆಯಂತೆ ಒತ್ತುವಳು. ಹಸಿರು ಉಂಗುರ ಮೂಡಿದರೆ ಉಗುರಿನ ಬಾಯಿ ಒಳ್ಳೆಯದು. ಬರೀ ಒದ್ದೆ ಕಲೆಯಾದರೆ ಮತ್ತೆ ಕಲ್ಲಿಗೆ. ಹನ್ನೆರಡೂ ಮುಗಿದ ಮೇಲೆ ಒರೆಸಿ, ಒಣ ಹೊಟ್ಟು ತುಂಬಿದ ಬಿದಿರು ಕೊಳವೆಯಲ್ಲಿ ಹುಗಿದಿಡುವಳು. ಸಂಜೆ ಅವಳ ಮಣಿಕಟ್ಟಿನಲ್ಲಿ ಹನ್ನೆರಡು ಹಸಿರು ಉಂಗುರಗಳಿರುತ್ತಿದ್ದವು. ಬೇರೆ ಬಳೆ ಇಲ್ಲದ ಕೈ ಅದು.

ಈ ಕೆಲಸಕ್ಕೆ ನಮ್ಮ ತೋಟದಲ್ಲಿ ಒಂದು ಹಕ್ಕಿತ್ತು. ಉಗುರು ಕಾಯುವವರಿಗೆ ಕಾಲುವೆ ಪಕ್ಕದ ಒಂದು ಸಾಲು ಬಳ್ಳಿ. ಅದರ ಎಲೆ ಅವರದು, ಯಾರೂ ಕೇಳುವಂತಿಲ್ಲ. ಮಕ್ಕಳಿಲ್ಲದ ದೊಡ್ಡವ್ವ ಆ ಒಂದು ಸಾಲಿನ ಬಲದಿಂದ ಬೇರೆ ಒಲೆ ಹೂಡಿಕೊಂಡು, ಯಾರ ಅಡುಗೆಮನೆಯ ಬಾಗಿಲಲ್ಲೂ ತಟ್ಟೆ ಹಿಡಿದು ನಿಲ್ಲದೆ ಹದಿನೆಂಟು ವರ್ಷ ಬದುಕಿದ್ದಳು. ಅವಳಿಗೆ ಇದ್ದದ್ದು ಅದೊಂದೇ.

ಉಗುರುಗಳನ್ನು ಬಡಿದುಕೊಟ್ಟ ಕಮ್ಮಾರ ಮುರುಗನ್ ಆಸಾರಿ, ಪೆರಿಯಾರ್ ಹೊಳೆಗೆ ಅಣೆ ಕಟ್ಟುವ ಕೆಲಸ ಜೋರಾದ ಮೇಲೆ ಕಲ್ಲುಕುಟಿಗರ ಉಳಿ ಕಾಯಿಸಿ ಹದ ಮಾಡಲು ಬೆಟ್ಟ ಹತ್ತಿದ. ಅವನು ಇಳಿಯುವ ಲಕ್ಷಣ ಕಾಣಲಿಲ್ಲ. ಉಗುರುಗಳು ಸವೆದು ಸವೆದು ಬೆಳ್ಳುಳ್ಳಿ ಸಿಪ್ಪೆಯಂತಾಗಿದ್ದವು. ದೀಪಾವಳಿಗೆ ಕೊಲಂಬಿಗೆ ಹೋಗಬೇಕಾದ ಹನ್ನೆರಡು ಬುಟ್ಟಿಯ ಸರಕು ಎದುರಿಗಿತ್ತು. ಅಪ್ಪ ನನ್ನನ್ನು ಕರೆದು, ದಿಂಡಿಗಲ್ಲಿಗೆ ಹೋಗಿ ಹೊಸ ಉಗುರು ತಾ ಎಂದರು.

ದೊಡ್ಡವ್ವ ಹೊರಡುವ ಮುಂಚೆ ನನ್ನನ್ನು ಕಾಲುವೆ ದಂಡೆಗೆ ಕರೆದು ಕೂರಿಸಿಕೊಂಡಳು.

"ತಂಬಿ, ಗಮನ ಇಟ್ಟು ಕೇಳು. ಪಳಪಳ ಅಂತ ಐತೆ ಅಂತ ತಕ್ಕೋಬ್ಯಾಡ. ಮೊದ್ಲು ತಟ್ಟಿ ಕೇಳು. ಗಂಟೆ ಹಂಗೆ ಕೂಗಿದ್ರೆ ತುಂಬಾ ಗಟ್ಟಿ, ನನ್ನ ಕಲ್ಲಿಗೆ ಬಗ್ಗಲ್ಲ. ಮಂಕಾಗಿ ಕೂಗಿದ್ರೆ ಮೆತ್ತಗೆ, ಮಧ್ಯಾನಕ್ಕೇ ಬಾಯಿ ಮಡಚ್ಕೋತದೆ. ನಡುವಿನ ದನಿ ಬೇಕು. ಆಮ್ಯಾಕೆ ನಿನ್ನ ಕೈಯುಗುರು ಮ್ಯಾಲೆ ನಿಲ್ಲಿಸಿ ಪಾರು, ಕಣ್ಣಿಟ್ಟು ನೋಡು. ಜಾರಿದ್ರೆ ಬ್ಯಾಡ, ಕಚ್ಚಿದ್ರೆ ಸರಿ."

"ಸರಿ ದೊಡ್ಡವ್ವ."

"ಏನು ಸರಿ? ಇನ್ನೂ ಮುಗೀಲಿಲ್ಲ. ಅಲಗು ಒಂದು ಮೈ ಹಲಗೆ ಹಂಗೆ ಚಪ್ಪಟೆ ಇರಬೇಕು, ಇನ್ನೊಂದು ಮೈ ಮಾತ್ರ ಇಳಿಜಾರು. ಎರಡೂ ಮೈ ಇಳಿಜಾರಿದ್ರೆ ಅದು ನಮ್ದಲ್ಲ, ಇಟ್ಟುಬಿಡು. ಕಡೇಗೆ ಎಲೆಬಳ್ಳಿ ಕುಡಿ ಕುಯ್ದು ಪಾರು. ಅದನ್ನ ಮಾತ್ರ ಬಿಡಬ್ಯಾಡ."

ಕುಯ್ದು ನೋಡಲೆಂದು ಎಲೆ ಸಮೇತ ನಾಲ್ಕು ಕುಡಿಬಳ್ಳಿಯನ್ನು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟಳು. ಹನ್ನೊಂದು ಹೆಂಗಸರ ಹೆಬ್ಬೆರಳಿನ ಅಳತೆಗೆಂದು ಹನ್ನೊಂದು ಹಳೆಯ ಉಗುರುಗಳನ್ನು ಕೊಟ್ಟು, "ಇವು ಪತ್ತಿರ, ಜೋಪಾನ, ಹಿಂದಕ್ಕೆ ತಾ" ಎಂದಳು. ಹನ್ನೆರಡನೆಯದು, ಅವಳದು, ಅವಳ ಬೆರಳಲ್ಲೇ ಇತ್ತು. "ನಂದು ಬ್ಯಾಡ. ಇದರ ಜೊತೆ ನಾನೂ ಸವೆದಿವ್ನಿ" ಎಂದಳು.

ತೇನಿಯ ಗಾಡಿತಂಗಲಿನಲ್ಲಿ ಒಂದು ದಿನ, ಬತ್ತಲಗುಂಡಿನಲ್ಲಿ ಇನ್ನೊಂದು ದಿನ ತಂಗಿ ದಿಂಡಿಗಲ್ ಸೇರಿದೆ. ಬೀಗದ ಕುಲುಮೆಗಳ ಸದ್ದು, ತೊಗಲಿನ ನಾತ, ಚುಟ್ಟಾ ಸುತ್ತುವ ಸುರುಟ್ಟಿನ ಕೊಟ್ಟಡಿಗಳಿಂದ ಬರುವ ಹೊಗೆಸೊಪ್ಪಿನ ಘಾಟು. ಬೀದಿಯಲ್ಲಿ ಕಾಲೇಜಿನ ಹಳೆಯ ಗೆಳೆಯ ಸಿಕ್ಕಿದ. ಅವನು ತಾಲೂಕು ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಬೂಟು ಹಾಕಿಕೊಂಡಿದ್ದ. ಇಬ್ಬರೂ ಕಬ್ಬಿಣದ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನ ರಾವುತ್ತರು ಬಿಳಿಗಡ್ಡದ ಮೆಲುಮಾತಿನ ಮನುಷ್ಯ. ಗಾಜಿನ ಪೆಟ್ಟಿಗೆಯಲ್ಲಿ ಸೀಮೆಯಿಂದ ಬಂದ ಚಿಕ್ಕ ಅಲಗುಗಳಿದ್ದವು. ಸುರುಟ್ಟು ಸುತ್ತುವವರು ಬೆರಳಿಗೆ ಸಿಕ್ಕಿಸಿಕೊಂಡು ಹೊಗೆಸೊಪ್ಪು ಕತ್ತರಿಸುವಂಥವು. ಬಳೆಯೂ ಇತ್ತು, ಬಾಗೂ ಇತ್ತು, ಮೇಲೊಂದು ಕುದುರೆಯ ಮುದ್ರೆ. ಕನ್ನಡಿಯಂತೆ ನನ್ನ ಮುಖ ಕಾಣುತ್ತಿತ್ತು. ಆ ವಯಸ್ಸಿನಲ್ಲಿ ಅದಕ್ಕಿಂತ ಒಳ್ಳೆಯ ದೃಶ್ಯ ನನಗೆ ಬೇರೆ ಇರಲಿಲ್ಲ.

ಬಾಳೆಪಟ್ಟೆ ಬಿಚ್ಚಿದೆ. ಗೆಳೆಯ, "ಏನಪ್ಪಾ ಅಳಗರ್, ಹೆಣ್ಣು ಕೇಳೋದಕ್ಕೆ ಬಂದಿದ್ದೀಯಾ?" ಎಂದ. ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಮಾಡುವುದು ಒಂದೇ. ಮದುವೆ ಮನೆಯ ಹಿರಿಯನಂತೆ ಗಂಟಲು ಸರಿಮಾಡಿಕೊಂಡು, ಎರಡೂ ಕೈಯಲ್ಲಿ ಎಲೆ ನೀಡಿ, "ಸಮ್ಮಂದಿಯವರೇ, ತಾಂಬೂಲ ತಕೊಳ್ಳಬೇಕು" ಎಂದೆ. ಇನ್ನೂ ಜೋರಾಗಿ ನಕ್ಕರು. ರಾವುತ್ತರು ಸುಣ್ಣದ ಡಬ್ಬಿ ತೆಗೆದರು. ಉಗುರು ಪರೀಕ್ಷಿಸಬೇಕಾದ ಎಲೆಯನ್ನು ಎಲ್ಲರೂ ಸೇರಿ ಅಗಿದು ಉಗುಳಿದೆವು. ಬರೀ ಬಳ್ಳಿ ಉಳಿಯಿತು. ಅದನ್ನು ಅಂಗಡಿಯ ಮೇಕೆ ತಿಂದಿತು.

ರಾವುತ್ತರು ಬಾಯಿ ಒರೆಸಿಕೊಂಡು ಹೇಳಿದರು: "ತಂಬಿ, ಇದು ಹಲಗೆ ಮೇಲೆ ಸೊಪ್ಪು ಹಾಸಿ ಕತ್ತರಿಸೋರಿಗೆ. ಬಳ್ಳಿ ಮೇಲೆ ನಡೀತದೋ ಇಲ್ವೋ ನನಗೆ ಗೊತ್ತಿಲ್ಲ. ಒಂದು ತಕ್ಕೊಂಡೋಗಿ ಪಾತ್ತು, ಕುಯ್ದು ನೋಡಿ, ಆಮೇಲೆ ಮಿಕ್ಕಿದ್ದು ಕೇಳಿ."

ಅಷ್ಟು ಒಳ್ಳೆಯ ಮಾತನ್ನು ಮಾರುವವನೇ ಹೇಳಿದ. ನಾನು ಅಲ್ಲೇ ಇದ್ದ ಹೊಗೆಸೊಪ್ಪಿನ ಮೇಲೆ ಅಲಗು ಆಡಿಸಿದೆ. ಬೆಣ್ಣೆಯಂತೆ ಕತ್ತರಿಸಿತು. ಎರಡೂ ಮೈ ಇಳಿಜಾರಾಗಿದ್ದುದನ್ನು ನೋಡಿಯೇ ನೋಡಿದೆ. ದೊಡ್ಡವ್ವನ ಮಾತು ಕಿವಿಯಲ್ಲಿ ಇನ್ನೂ ಹಸಿಯಾಗಿತ್ತು. ಗೆಳೆಯನ ಬೂಟಿನ ಮುಂದೆ ಬರೀ ಒಂದು ಅಲಗು ಕೊಂಡು ಹೋಗಲು ಮನಸ್ಸಾಗಲಿಲ್ಲ. ಹನ್ನೊಂದು ಕಟ್ಟಿಸಿದೆ. ಹಳೆಯ ಹನ್ನೊಂದನ್ನು ತಕ್ಕಡಿಯ ಪಕ್ಕದ ಗುಜರಿ ಬುಟ್ಟಿಗೆ ಸುರಿದೆ. ರಾವುತ್ತರು ಒಂದನ್ನು ಎತ್ತಿ, ಅಲಗಿನ ಮೇಲೆ ಬೆರಳಾಡಿಸಿ, "ಇದನ್ನ ಮಸೆದ ಕೈ ಯಾರದು?" ಎಂದು ಕೇಳಿದರು. "ಮನೆಯಲ್ಲಿ ಒಬ್ಬರು" ಎಂದೆ.

ಆಮೇಲೆ ನಾಟಕ ಕಂಪನಿಯೊಂದು ಊರಿಗೆ ಬಂದಿದೆಯೆಂದು ಗೆಳೆಯ ಹೇಳಿದ. ಅದರ ರಾಜನ ಪಾತ್ರದವನ ನಡಿಗೆ ನನಗೆ ಬೇಕಿತ್ತು. ಒಂಬತ್ತು ದಿನ ಇದ್ದು ಕಲಿತೆ. ಊರು ಸೇರಿದಾಗ ಕೊಯ್ಲಿಗೆ ಒಂದು ದಿನ ಉಳಿದಿತ್ತು.

ಜಗುಲಿಯ ಮೇಲೆ ಅಪ್ಪ ಕೂತಿದ್ದರು. ಎಲೆ ಕೊಯ್ಯುವ ಹೆಂಗಸರು ಅಂಗಳದಲ್ಲಿ ಬುಟ್ಟಿಗಳಿಗೆ ಬಾಳೆಪಟ್ಟೆ ಹಾಸುತ್ತಿದ್ದರು. ನಾನು ರಾಜನ ನಡಿಗೆಯಲ್ಲಿ ಬಂದು ಅಲಗುಗಳನ್ನು ಸುರಿದೆ. ಬಿಸಿಲಿಗೆ ಅಂಗಳವೆಲ್ಲ ಮಿಂಚಿತು. ಕೊಯ್ಯುವವರಲ್ಲಿ ಬಾಯಿ ಜೋರಿನವಳಾದ ಗೋವಿಂದಮ್ಮಾಳ್, "ಇದೇನ್ ಸಾಮಿ, ನಮಗೆ ಒಡವೆ ಮಾಡಿಸ್ಕೊಂಡು ಬಂದ್ರಾ?" ಎಂದಳು.

ದೊಡ್ಡವ್ವ ಒಂದನ್ನು ಎತ್ತಿಕೊಂಡಳು. ತಟ್ಟಿದಳು, ಗಂಟೆಯಂತೆ ಕೂಗಿತು. ಕಂಬದ ಪಕ್ಕದ ಬಳ್ಳಿಯಿಂದ ಒಂದು ತೊಟ್ಟು ಕತ್ತರಿಸಿ ಮಣಿಕಟ್ಟಿಗೆ ಒತ್ತಿದಳು. ಒದ್ದೆ ಕಲೆ. ನನ್ನ ಮುಖ ನೋಡಿದಳು.

"ಹಳೇವು ಎಲ್ಲಿ?"

"ಕೊಟ್ಟುಬಿಟ್ಟೆ."

ಕೈಯಲ್ಲಿದ್ದ ಅಲಗನ್ನು ರಾಶಿಗೆ ಹಾಕಿದಳು. ಆಮೇಲೆ ಅಪ್ಪನಿಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ನಿಮ್ಮಪ್ಪಂಗೆ ಹೇಳು. ಇವುಗಳ ಒಂದು ಮೈ ಅರೆದು ಚಪ್ಪಟೆ ಮಾಡಬೇಕು. ಕಬ್ಬಿಣ ಗಟ್ಟಿ ಐತೆ, ದಿನಕ್ಕೆ ಒಂದೂವರೆ ಆಗತದೆ ಅಷ್ಟೆ. ಎಂಟು ದಿನ ಕೊಡಲಿ. ಇಲ್ಲಾಂದ್ರೆ ಎಲ್ಲಾರೂ ಕೈಯುಗುರಲ್ಲೇ ಕುಯ್ಯಲಿ, ನಿಧಾನ ಆದ್ರೂ ತೊಟ್ಟು ಉಳೀತದೆ. ಇವುಗಳಲ್ಲಿ ಮಾತ್ರ ಬ್ಯಾಡ."

ಅಪ್ಪ ಕಂಬದಾಚೆ ಎರಡು ಮೊಳ ದೂರದಲ್ಲಿದ್ದರು. ಪದ್ಧತಿಯಂತೆ ಕೇಳಿಸಿಕೊಳ್ಳದೆ ನನ್ನ ಕಡೆ ನೋಡಿ, "ಏನಂತಾರಲೇ ಅತ್ತಿಗೆ?" ಎಂದರು.

ನಾನು ಅದನ್ನು ನೆಟ್ಟಗೆ ಹೇಳಬಹುದಿತ್ತು. ಹೇಳಿದ್ದರೆ ಒಂಬತ್ತು ದಿನದ ನಾಟಕ, ಗುಜರಿ ಬುಟ್ಟಿ, ಮೇಕೆ, ಎಲ್ಲವೂ ಒಂದರ ಹಿಂದೊಂದು ಹೊರಗೆ ಬರುತ್ತಿದ್ದವು. ಹೆಂಗಸರು ಕೈಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನಾನು ಮೇಲುಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡೆ. ಬೆನ್ನು ಬಾಗಿಸಿದೆ. ಮೂಗಿನ ತುದಿ ಒರೆಸಿಕೊಂಡು, ಅವಳ ದನಿಯನ್ನು ಇನ್ನಷ್ಟು ಕಂಪಿಸಿ, "ಎಂಟು ದಿನ ಕೊಡಲಿ ತಂಬೀ... ಎಂಟೇ ಎಂಟು ದಿನ... ಸೀಮೆ ಕಬ್ಬಿಣಕ್ಕೆ ನಾನು ಇಂಗ್ಲೀಷು ಕಲಿಸಬೇಕು" ಎಂದೆ.

ಗೋವಿಂದಮ್ಮಾಳ್ ಬುಟ್ಟಿಯ ಮೇಲೆ ಬಿದ್ದು ನಕ್ಕಳು. ಎಲ್ಲರೂ ನಕ್ಕರು. ಅಪ್ಪ ಕಣ್ಣೊರೆಸಿಕೊಳ್ಳುವಷ್ಟು ನಕ್ಕು, "ಆಯ್ತಾಯ್ತು, ಗಾಡಿ ನಾಳೆ ಸಾಯಂಕಾಲಕ್ಕೆ. ಬೆಳಿಗ್ಗೆ ಎಲ್ಲಾ ಹೊಸ ಉಗುರು ಹಾಕ್ಕಂಡು ಇಳೀರಿ" ಎಂದರು.

ದೊಡ್ಡವ್ವ ಮಾತ್ರ ನಗಲಿಲ್ಲ. ಅಪ್ಪನ ಕಡೆ ಒಮ್ಮೆ ತಿರುಗಿದಳು. ತುಟಿ ಬಿಚ್ಚಿತು. ಹದಿನೆಂಟು ವರ್ಷದ ಬೀಗ ಈಗ ತೆಗೆಯುತ್ತಾಳೆಂದು ನಾನು ಹೆದರಿದೆ. ತೆಗೆಯಲಿಲ್ಲ. ಸೆರಗು ಸರಿಮಾಡಿಕೊಂಡು ಕಾಲುವೆ ಕಡೆ ನಡೆದಳು. ಆ ಸಂಜೆಯೆಲ್ಲ ಕಲ್ಲಿನ ಸದ್ದು ಕೇಳುತ್ತಿತ್ತು. ಒಂದನ್ನೂ ಮುಗಿಸಲಾಗಲಿಲ್ಲವಂತೆ.

ಮಾರನೆಯ ದಿನ ಹೊಸ ಅಲಗುಗಳಲ್ಲಿ ಕೊಯ್ಲು ನಡೆಯಿತು. ಕೆಲಸ ಬೇಗ ಸಾಗಿತು, ಅದನ್ನು ಒಪ್ಪಿಕೊಳ್ಳಬೇಕು. ಒತ್ತಿದರೆ ಸಾಕು, ಎಲೆ ಬೀಳುತ್ತಿತ್ತು. ತೊಟ್ಟಿನ ತುದಿ ಯಾರು ನೋಡುತ್ತಾರೆ? ದೊಡ್ಡವ್ವ ತನ್ನ ಹಳೆಯ, ಸಿಪ್ಪೆಯಂಥ ಉಗುರಿನಿಂದ ಒಬ್ಬಳೇ ಒಂದು ಬುಟ್ಟಿ ಕೊಯ್ದಳು. ಎಲ್ಲರಿಗಿಂತ ಕೊನೆಗೆ ಮುಗಿಸಿದಳು. ಕಟ್ಟುಗಳಿಗೆ ಬಾಳೆನಾರಿನ ಜೊತೆ ಒಂದೊಂದು ಕೆಂಪು ದಾರವನ್ನೂ ಸುತ್ತಿ ಬುಟ್ಟಿಗೆ ಇಟ್ಟಳು. ನಾನು ನೋಡಿದೆ. ಅವಳೂ ನಾನು ನೋಡಿದ್ದನ್ನು ನೋಡಿದಳು.

ಹದಿನಾರನೆಯ ದಿನ ತೂತುಕುಡಿಯ ಮಂಡಿಯಿಂದ ಕಾಗದ ಬಂತು. ಅಪ್ಪನಿಗೆ ಓದು ಬಾರದು. ಮನೆಯವರೆಲ್ಲ ಜಗುಲಿಯಲ್ಲಿ ಸೇರಿದರು. ನಾನು ಮಂಡಿಯ ಯಜಮಾನರ ಸಣ್ಣ ಗಂಟಲಿನಲ್ಲಿ ಓದತೊಡಗಿದೆ. ಮೊದಲ ಸಾಲಿಗೆ ಅಪ್ಪ ನಕ್ಕರು. ಎರಡನೆಯ ಸಾಲಿಗೆ ನನ್ನ ಗಂಟಲು ತಾನಾಗಿಯೇ ನನ್ನದಾಯಿತು. ಸರಕು ಕೊಲಂಬಿನಲ್ಲಿ ಇಳಿಯುವ ಹೊತ್ತಿಗೆ ಕಪ್ಪಾಗಿ ನೀರು ಬಿಟ್ಟಿತ್ತು. ಬುಟ್ಟಿ ಬಿಚ್ಚಿ ಕಡಲಿಗೆ ಸುರಿದರು. ಮುಂದಿನ ವರ್ಷ ನಿಮ್ಮ ಎಲೆ ಬೇಡ. ಅದರ ಕೆಳಗೆ ಇನ್ನೊಂದು ಸಾಲಿತ್ತು: ಕೆಂಪು ದಾರದ ಒಂದು ಬುಟ್ಟಿ ಮಾತ್ರ ಇಂದು ಕೊಯ್ದಂತೆ ಬಂದಿದೆ, ಅದನ್ನು ಕೊಯ್ದವರೇ ಎಲ್ಲವನ್ನೂ ಕೊಯ್ದು ಕಳಿಸುವುದಾದರೆ ಮತ್ತೆ ಬರೆಯಿರಿ.

ನಾನು ಆ ಸಾಲಿನ ಮೇಲೆ ಹೆಬ್ಬೆರಳಿಟ್ಟೆ. "ಇಂತಿ ನಮಸ್ಕಾರ" ಎಂದು ಓದಿ ಮಡಚಿದೆ.

ಅಪ್ಪ ಕಂಬ ಹಿಡಿದು ಎದ್ದರು. ಆಮೇಲೆ, ಅತ್ತಿಗೆ ಎನ್ನುವುದನ್ನೂ ಬಿಟ್ಟು, "ಉಗುರು ಕಾಯೋಳು ಅವಳು. ಬಾಯಿ ಸರಿಯಿಲ್ಲಾಂದ್ರೆ ಹೇಳಬೇಕಿತ್ತಲ್ಲ" ಎಂದರು.

"ಎಂಟು ದಿನ ಕೇಳಿದ್ದಳಲ್ಲಪ್ಪ" ಎಂದೆ. ನನ್ನ ದನಿ ಸಣ್ಣದಾಗಿತ್ತು.

"ಅದು ನೀನು ಆಡಿದ ಆಟ ಅಲ್ವೇನ್ಲಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಒಳಬಾಗಿಲ ಬಳಿ ದೊಡ್ಡವ್ವ ನಿಂತಿದ್ದಳು. ಅವಳು ಅಪ್ಪನನ್ನು ನೋಡಲಿಲ್ಲ. ನನ್ನನ್ನು ಕೇಳಿದಳು.

"ತಂಬಿ, ಕಾಗದ ಪೂರಾ ಓದಿದೆಯಾ?"

"ಓದಿದೆ."

"ಕೆಂಪು ದಾರದ ಸುದ್ದಿ ಏನೂ ಇಲ್ವಾ?"

ಅಂಗಳದಲ್ಲಿ ಗೋವಿಂದಮ್ಮಾಳ್ ಕಸ ಗುಡಿಸುವುದನ್ನು ನಿಲ್ಲಿಸಿದ್ದಳು. ನಾನು ಕಾಗದವನ್ನು ಇನ್ನೊಂದು ಸಲ ಮಡಚಿದೆ.

"ಇಲ್ಲ ದೊಡ್ಡವ್ವ."

ಅವಳು ತಲೆಯಾಡಿಸಿದಳು, ದಾರಿ ಕೇಳಿ ತಿಳಿದುಕೊಂಡವರಂತೆ. ಒಳಗೆ ಹೋಗಿ ಬಿದಿರು ಕೊಳವೆಯನ್ನೂ ಎರಡು ಕಲ್ಲುಗಳನ್ನೂ ತಂದು ನನ್ನ ಕಾಲ ಬಳಿ ಇಟ್ಟಳು. ಹೆಬ್ಬೆರಳಿನ ಉಗುರನ್ನು ಕಳಚಲು ಹೋದಳು. ಗಂಟು ಊದಿದ ಬೆರಳಿನಿಂದ ಅದು ಬರಲಿಲ್ಲ. ಬಿಟ್ಟಳು. ಎರಡನೆಯ ದಿನ ಕಂಬಂ ಊರಿನಲ್ಲಿದ್ದ ತನ್ನ ತಮ್ಮನ ಮನೆಗೆ ಹೊರಟಳು. ತಮ್ಮನ ಹೆಂಡತಿಯ ಅಡುಗೆಮನೆಯ ಬಾಗಿಲಿಗೆ. ಗಾಡಿ ಹತ್ತುವಾಗ ಅಗಸೆ ಮರಕ್ಕೆ ಹೇಳುವಂತೆ, "ಹೊಟ್ಟು ತಿಂಗಳಿಗೊಂದು ಸಲ ಬಿಸಿಲಿಗೆ ಹಾಕಬೇಕು" ಎಂದಳು. ಅದನ್ನು ಯಾರೂ ಯಾರಿಗೂ ಮುಟ್ಟಿಸಲಿಲ್ಲ.

"ಕಾಲೇಜಿಂದ ಬಂದವ್ನಿಗೂ ಒಂದು ಕೆಲಸ ಬೇಕಲ್ಲ" ಎಂದು ಅಪ್ಪ ಉಗುರು ಕಾಯುವುದನ್ನು ನನಗೆ ಒಪ್ಪಿಸಿದರು. ಕಾಲುವೆ ಪಕ್ಕದ ಸಾಲೂ ನನ್ನದಾಯಿತು.

ದಂಡೆಯಲ್ಲಿ ಅವಳು ಕೂರುತ್ತಿದ್ದ ಜಾಗದಲ್ಲೇ ಕೂತೆ. ಒಂದು ಕಾಲು ಮಡಚಿ, ಇನ್ನೊಂದು ನೀಡಿ, ನೀರು ಚಿಮುಕಿಸಿ, ಅವಳು ಮಸೆಯುವಾಗ ಬರುತ್ತಿದ್ದ ಆ ಎರಡು ಉದ್ದ ಒಂದು ಗಿಡ್ಡದ ಸದ್ದನ್ನು ತರಿಸಿದೆ. ಕಣ್ಣು ಮುಚ್ಚಿ ಕೇಳಿದರೆ ಅವಳೇ. ತೊಟ್ಟು ಕತ್ತರಿಸಿ ಮಣಿಕಟ್ಟಿಗೆ ಒತ್ತಿದೆ. ಕಲೆ. ಮತ್ತೆ ಮಸೆದೆ. ಕಲೆ. ನಾಲ್ಕು ದಿನ ಹಾಗೆಯೇ ಹೋಯಿತು. ಅಲಗಿನ ಚಪ್ಪಟೆಯಾಗಬೇಕಾದ ಮೈ ನನ್ನ ಕೈಯಲ್ಲಿ ಗುಂಡಾಗುತ್ತಿತ್ತು. ಎರಡರ ತುದಿಗಳು ಮುರಿದವು. ಅವಳ ದನಿ ನನಗೆ ಬರುತ್ತಿತ್ತು, ನಡಿಗೆ ಬರುತ್ತಿತ್ತು, ಕೈಯೊಂದು ಬರಲಿಲ್ಲ.

ಮದುರೆಯ ಮಂಡಿಯೊಂದು ಪೊಂಗಲ್‌ಗೆ ನಾಲ್ಕು ಬುಟ್ಟಿ ಕೇಳಿತು. ಅಪ್ಪ ದಂಡೆಗೆ ಬಂದರು. ಹಿಂದೆ ಹೆಂಗಸರೂ ಬುಟ್ಟಿ ಹಿಡಿದು ಬಂದರು.

"ಏನ್ಲಾ, ನಾಳೆ ಇಳಿಯಬಹುದಾ?"

ನಾನು ಮಣಿಕಟ್ಟಿನ ಕಲೆಗಳನ್ನು ನೋಡಿದೆ. ತಲೆಯೆತ್ತದೆ, ನನ್ನದೇ ದನಿಯಲ್ಲಿ, ಬೇಡುವವನ ಹಾಗೆ ಹೇಳಿದೆ: "ಎಂಟು ದಿನ ಕೊಡಿ ಅಪ್ಪ."

ಗೋವಿಂದಮ್ಮಾಳ್ ಮೊದಲು ನಕ್ಕಳು. ಆಮೇಲೆ ಅಪ್ಪ. ಆಮೇಲೆ ಎಲ್ಲರೂ.

"ಅಪ್ಪುಡಿಯೇ, ಥೇಟು ಅವ್ರೇ ಬಂದಂಗೈತೆ" ಎಂದು ಗೋವಿಂದಮ್ಮಾಳ್ ಕಣ್ಣೊರೆಸಿಕೊಂಡಳು. "ಇನ್ನೊಂದು ಸಲ ಮಾಡಿ ಸಾಮಿ."